ಹಕ್ಕಿದಿಬ್ಬಕ್ಕೆ ರಸ್ತೆ ತಂದವರು

ನಮ್ಮ ಭಾವನವರ ನಾಲಿಗೆಯ ತುದಿ ನೇರಳೆ ಬಣ್ಣಕ್ಕಿತ್ತು. ಹುಟ್ಟಿನಿಂದ ಬಂದದ್ದಲ್ಲ. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಅವರು ಖಾಸಗಿ ಬಸ್ಸಿನ ಏಜೆಂಟರಾಗಿದ್ದರು. ಟಿಕೆಟು ಬರೆಯುವ ಮೊದಲು ಪ್ರತಿ ಸಲವೂ ಕಾಪಿಯಿಂಗ್ ಪೆನ್ಸಿಲ್ಲಿನ ಮೊನೆಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಳ್ಳುತ್ತಿದ್ದರು. ದಿನವೆಲ್ಲ ಹಾಗೆ ಮಾಡಿ ಮಾಡಿ ಬಣ್ಣ ಅಲ್ಲೇ ಊರಿಬಿಟ್ಟಿತ್ತು. ಅವರು ನಕ್ಕಾಗ, ಆಕಳಿಸಿದಾಗ, ಬಿಸಿ ಅನ್ನ ಬಾಯಿಗಿಟ್ಟು ಉಫ್ ಎಂದಾಗ ಅದು ಕಾಣುತ್ತಿತ್ತು. ಶನಿವಾರ ಸಂಜೆ ಅವರು ಊರಿಗೆ ಬಂದ ಕೂಡಲೇ ನನ್ನ ವಾರಗಿತ್ತಿ ಚೆಂಬಿನಲ್ಲಿ ನೀರು ಹಿಡಿದು ಅಂಗಳದಲ್ಲಿ ನಿಂತಿರುತ್ತಿದ್ದರು. "ಮೊದ್ಲು ಬಾಯಿ ತೊಳ್ಕೊಳ್ರಿ. ಆ ಶಾಯಿ ಹೊಟ್ಟೆಗೆ ಹೋದ್ರೆ ಏನು ಗತಿ" ಎನ್ನುವರು. ಭಾವ ನಾಲಿಗೆ ಚಾಚಿ ತೋರಿಸಿ, "ಇದು ನನ್ನ ನೌಕರಿ ಬಿಲ್ಲೆ ಕಣೆ" ಎಂದು ನಗುವರು.

ಅವರು ನನ್ನ ಗಂಡನ ಅಣ್ಣ. ನಾನು ಶಿಕಾರಿಪುರದ ಹುಡುಗಿ. ಮದುವೆಗೆ ಎಷ್ಟೋ ವರ್ಷ ಮುಂಚೆಯೇ ಅವರ ದನಿ ನನಗೆ ಗೊತ್ತಿತ್ತು. "ಶಿರಾಳಕೊಪ್ಪ, ಸೊರಬ, ಸಾಗರಾ" ಎಂದು ಅವರು ಎಳೆದು ಕೂಗಿದರೆ ನಮ್ಮ ಮನೆಯ ಹಿತ್ತಲಿಗೆ ಕೇಳಿಸುತ್ತಿತ್ತು. ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ನಮ್ಮಮ್ಮ ಅದನ್ನು ಕೇಳಿ ಒಲೆಯ ಮೇಲಿನ ಬೇಳೆ ನೋಡಲು ಏಳುತ್ತಿದ್ದಳು. ಖಾಕಿ ಕೋಟು, ಕಚ್ಚೆಪಂಚೆ, ಕಂಕುಳಲ್ಲಿ ಚರ್ಮದ ಚೀಲ. ಬಸುರಿಯರು ಬಂದರೆ ಮುಂದಿನ ಸೀಟಿನಲ್ಲಿ ಕೂತವರು ಯಾರೇ ಆಗಿರಲಿ, ಅಮಲ್ದಾರರ ಗುಮಾಸ್ತನೇ ಆಗಿರಲಿ, ಎಬ್ಬಿಸುತ್ತಿದ್ದರು. ಒಮ್ಮೆ ಈಸೂರಿನ ಮುದುಕಿಯೊಬ್ಬಳು ಬಸ್ಸಿನಲ್ಲಿ ಗಂಟು ಇಟ್ಟು ಮೊಮ್ಮಗಳಿಗೆ ಬಳೆ ತರುತ್ತೇನೆಂದು ಪೇಟೆಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಭಾವ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತು, "ಅಜ್ಜಿ ಬರೋ ತನಕ ನಿನ್ನ ಗಾಡಿ ಹೊರಡಲ್ಲ, ಬೀಡಿ ಸೇದ್ಕೊಂಡು ಬಾ ಹೋಗು" ಎಂದರಂತೆ. ಇಂಥ ಕತೆಗಳು ಪೇಟೆಯ ತುಂಬ ಇದ್ದವು.

ಗದ್ದೆಯಿದ್ದ ಮನೆಯ ಹಿರಿಮಗ ಬಸ್ಸಿನ ಕೆಲಸಕ್ಕೆ ಯಾಕೆ ಹೋದರು ಎಂಬುದು ನನಗೆ ತಿಳಿದದ್ದು ಮದುವೆಯಾದ ಮೇಲೆ. ನಮ್ಮ ಊರು ಸೊರಬ ತಾಲ್ಲೂಕಿನ ಅಂಚಿನಲ್ಲಿ, ಹೆದ್ದಾರಿಯಿಂದ ಸಾಕಷ್ಟು ಒಳಗೆ, ದೊಡ್ಡ ಕೆರೆಯೊಂದರ ದಂಡೆಯಲ್ಲಿದೆ. ಆಗ ಇದ್ದದ್ದು ಗಾಡಿ ಜಾಡು ಮಾತ್ರ. ಮಳೆಗಾಲದಲ್ಲಿ ಎತ್ತುಗಳು ಹೊಟ್ಟೆಯವರೆಗೆ ಹುಗಿಯುತ್ತಿದ್ದವು. ಅಕ್ಕ, ಅಂದರೆ ನನ್ನ ವಾರಗಿತ್ತಿ, ಮೊದಲ ಹೆರಿಗೆಯಲ್ಲಿ ಕಷ್ಟಪಟ್ಟಾಗ ಅವರನ್ನು ಗಾಡಿಯಲ್ಲಿ ಹಾಕಿಕೊಂಡು ಸೊರಬದ ಆಸ್ಪತ್ರೆಗೆ ಹೊರಟರಂತೆ. ಗಾಡಿ ಕೆಸರಲ್ಲಿ ಸಿಕ್ಕಿಬಿತ್ತು. ಮಗು ಅಲ್ಲೇ, ಸೋರುವ ಕಮಾನಿನ ಕೆಳಗೆ, ಸತ್ತು ಹುಟ್ಟಿತು. ಆಮೇಲೆ ಅಕ್ಕನಿಗೆ ಮಕ್ಕಳಾಗಲಿಲ್ಲ. ಭಾವ ಆ ವರ್ಷದ ಸುಗ್ಗಿ ಮುಗಿಸಿ ಗದ್ದೆಯನ್ನು ತಮ್ಮನಿಗೆ ಒಪ್ಪಿಸಿ ಶಿಕಾರಿಪುರಕ್ಕೆ ಹೋದರು. ಒಂದಲ್ಲ ಒಂದು ದಿನ ನಮ್ಮ ಕೆರೆ ಏರಿಯ ಮೇಲೆ ಬಸ್ಸು ತರಬೇಕು ಎಂಬುದೊಂದೇ ಅವರ ತಲೆಯಲ್ಲಿತ್ತು. "ದಾರಿ ಒಂದಿದ್ರೆ ಎಲ್ಲಾ ಬರ್ತದೆ ತಂಗಿ" ಎಂದು ನನಗೆ ಎಷ್ಟು ಸಲ ಹೇಳಿದ್ದರೋ. ತಮ್ಮನ ಹೆಂಡತಿಯನ್ನು ಅವರು ತಂಗಿ ಎಂದೇ ಕರೆಯುತ್ತಿದ್ದರು.

ಕೆರೆಯ ನಡುವೆ ಒಂದು ನಡುಗಡ್ಡೆ. ಊರವರ ಬಾಯಲ್ಲಿ ಅದು ಹಕ್ಕಿದಿಬ್ಬ. ದೊಡ್ಡದೇನಲ್ಲ, ಒಂದು ಕಣದಷ್ಟು ಅಗಲದ ಎತ್ತರದ ನೆಲ, ಅದರ ಸುತ್ತ ಇಳಿಜಾರು. ಹೊಂಗೆ, ನೇರಳೆ, ಅತ್ತಿ ಮರಗಳು ಒತ್ತೊತ್ತಾಗಿ ನೀರಿನ ಮೇಲಕ್ಕೆ ಬಾಗಿದ್ದವು. ಮೇಲಿನಿಂದ ಬರುವ ಹಳ್ಳ ವರ್ಷವರ್ಷವೂ ಮರಳು ತಂದು ಸುರಿದು ದಿಬ್ಬದ ಒಂದು ಮಗ್ಗುಲಿಗೂ ಊರ ಕಡೆಯ ದಂಡೆಗೂ ಬಿಳಿಯ ಹಾಸು ಹಾಸಿತ್ತು. ಸಮುದ್ರ ನೋಡಿ ಬಂದವರು ಇದು ಅದೇ ಥರ ಇದೆ ಎನ್ನುತ್ತಿದ್ದರು. ಮುಂಗಾರು ಹಿಡಿದ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಕೊಕ್ಕರೆಗಳು ಬಂದು ಗೂಡು ಕಟ್ಟುತ್ತಿದ್ದವು. ದೂರದಿಂದ ನೋಡಿದರೆ ಮರಗಳ ಮೇಲೆ ಯಾರೋ ಬಟ್ಟೆ ಒಣಹಾಕಿದಂತೆ ಕಾಣುತ್ತಿತ್ತು. ಅವುಗಳ ಹಿಕ್ಕೆ ಬಿದ್ದ ನೀರು ಗದ್ದೆಗೆ ಒಳ್ಳೆಯದೆಂದು ರೈತರಿಗೆ ಗೊತ್ತಿತ್ತು. ಯಾರೂ ಒಂದು ಕಲ್ಲು ಎಸೆಯುತ್ತಿರಲಿಲ್ಲ.

ಕುಡಿಯುವ ನೀರಿಗೆ ಊರ ದಂಡೆಯ ಮರಳಿನಲ್ಲಿ ಒರತೆ ತೋಡುತ್ತಿದ್ದೆವು. ಮೊಣಕೈ ಆಳಕ್ಕೆ ಮರಳು ಬಗೆದರೆ ಸಾಕು, ಕೆರೆಯ ನೀರು ಸೋಸಿಕೊಂಡು ತಿಳಿಯಾಗಿ ಜಿನುಗುತ್ತಿತ್ತು. ಕರಟದಲ್ಲಿ ಮೊಗೆದು ಮೊಗೆದು ಕೊಡ ತುಂಬಿಸಬೇಕು. ಹೆಂಗಸರ ಮಾತುಕತೆಯೆಲ್ಲ ನಡೆಯುತ್ತಿದ್ದುದು ಅಲ್ಲೇ.

ಹೊಸ ಸೊಸೆಯಾಗಿ ಬಂದ ವರ್ಷ ಅಕ್ಕ ನನ್ನನ್ನು ದಿಬ್ಬಕ್ಕೆ ಕರೆದುಕೊಂಡು ಹೋಗಿದ್ದರು. ಹುಲ್ಲು ಕೊಯ್ಯುವ ನೆಪ. ಮುದುಕ ಅಂಬಿಗ ತನ್ನ ತೆಪ್ಪದಲ್ಲಿ ದಾಟಿಸಿದ. ಕುಡುಗೋಲುಗಳನ್ನು ಮರದ ಬುಡದಲ್ಲಿಟ್ಟು ಅಕ್ಕ ಮರಳಿನ ಮೇಲೆ ಕಾಲು ಚಾಚಿ ಕೂತರು. ಮನೆಯಲ್ಲಿ ಅವರು ಕಾಲು ಚಾಚಿ ಕೂತದ್ದನ್ನು ನಾನು ನೋಡಿರಲಿಲ್ಲ. ಬುತ್ತಿಯ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ತಿಂದೆವು. ಅಕ್ಕ ಕೈ ತೊಳೆದು ಮತ್ತೆ ನೀರಿನ ಕಡೆ ಮುಖ ಮಾಡಿ ಕೂತರು. ಆಮೇಲೆ, "ಇಲ್ಲಿ ನನ್ನ ಯಾರೂ ಕರಿಯಲ್ಲ ನೋಡು" ಎಂದರು. ಮಗು ಹೋದ ಮೇಲೆ ಅವರು ಆಗಾಗ ಹೀಗೆ ಬಂದು ಕೂರುತ್ತಿದ್ದರೆಂದು ಅಂಬಿಗನೇ ನನಗೆ ಹೇಳಿದ. ಭಾವನಿಗೂ ಅದು ಗೊತ್ತಿತ್ತು. ಹುಲ್ಲು ಎಷ್ಟು ತಂದೆ ಎಂದು ಅವರು ಯಾವತ್ತೂ ಕೇಳುತ್ತಿರಲಿಲ್ಲ.

ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯಕ್ಕೆ ಸೇರಿದ ಹೊಸತು. ಎಲ್ಲಿ ನೋಡಿದರೂ ಯೋಜನೆ, ಶ್ರಮದಾನ, ಬ್ಲಾಕ್ ಆಫೀಸು ಎಂಬ ಮಾತು. ಭಾವ ಬಸ್ಸಿನಲ್ಲಿ ಓಡಾಡುವ ಅಧಿಕಾರಿಗಳಿಗೆಲ್ಲ ರಸ್ತೆಯ ವಿಷಯ ಹೇಳುತ್ತಲೇ ಇದ್ದರು. ಕೊನೆಗೆ ಒಬ್ಬರು ಒಂದು ಭಾನುವಾರ ಊರಿಗೆ ಬರಲು ಒಪ್ಪಿದರು. ದೀಪಾವಳಿ ಮುಗಿದಿತ್ತು. ಮರಿಗಳು ಹಾರಲು ಕಲಿಯುವ ಕಾಲ. ಭಾವ ಅವರನ್ನು ತೆಪ್ಪದಲ್ಲಿ ದಿಬ್ಬಕ್ಕೆ ಕರೆದೊಯ್ದರು. ಅಕ್ಕ ಮಾಡಿಕೊಟ್ಟ ಎಣ್ಣೆಗಾಯಿ, ರೊಟ್ಟಿ, ಮೊಸರನ್ನ ಅಲ್ಲಿಗೇ ಹೋಯಿತು. ಸಾಹೇಬರು ಬೂಟು ಬಿಚ್ಚಿ ಮರಳಿನ ಮೇಲೆ ಮಲಗಿದರಂತೆ. ಸಂಜೆ ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ ಅವರು ಹೇಳಿದ್ದು ನನಗೆ ಬಾಗಿಲ ಹಿಂದೆ ಕೇಳಿಸಿತು.

"ಇಂಥ ಜಾಗ ಬಚ್ಚಿಟ್ಟುಕೊಂಡು ಕೂತಿದ್ದೀರಲ್ರೀ. ಬರೀ ಈ ಊರಿಗೆ ಅಂದ್ರೆ ರಸ್ತೆ ಸಿಗೋದು ಕಷ್ಟ. ಜನ ನೋಡೋಕೆ ಬರೋ ಜಾಗ ಅಂತಾದ್ರೆ ನಾನು ಮೇಲಿನವರನ್ನ ಒಪ್ಪಿಸಬಹುದು."

"ಆಗ್ಲಿ ಸ್ವಾಮಿ, ಬರ್ಲಿ ಜನ. ಬಂದ್ರೆ ನಮಗೂ ಒಳ್ಳೇದೇ" ಎಂದರು ಭಾವ.

ಸಾಹೇಬರು ಹೋದ ಮೇಲೆ ಭಾವ ಊಟಕ್ಕೆ ಕೂತರು. ಅವರ ಮುಖ ಅರಳಿತ್ತು. ಅಕ್ಕ ಬಡಿಸುತ್ತ ನಿಂತಿದ್ದರು.

"ರಸ್ತೆ ತರ್ರಿ. ದಿಬ್ಬ ಬ್ಯಾಡ್ರಿ, ಅದನ್ನ ಬಿಟ್ಟುಬಿಡ್ರಿ."

"ದಿಬ್ಬ ಇಲ್ದೆ ರಸ್ತೆ ಬರಲ್ಲ ಕಣೆ. ಕೇಳ್ಲಿಲ್ವಾ ಸಾಹೇಬ್ರು ಅಂದಿದ್ದು?"

"ಕೇಳ್ದೆ."

"ಮತ್ತೆ? ಬಂದೋರು ಒಂದಿನ ನೋಡ್ತಾರೆ, ಹೋಗ್ತಾರೆ. ದಿಬ್ಬ ಹೊತ್ಕೊಂಡು ಹೋಗ್ತಾರಾ?"

ಅಕ್ಕ ಮಜ್ಜಿಗೆ ಬಡಿಸಿ ಒಳಗೆ ಹೋದರು.

ಮಂಜೂರಾತಿ ಬಂತು. ರಸ್ತೆಗೆ ಇಡೀ ಊರು ಮಣ್ಣು ಹೊತ್ತಿತು. ನಾನೂ ಬುಟ್ಟಿ ಹೊತ್ತೆ. ಅಕ್ಕ ಎಲ್ಲರಿಗಿಂತ ಹೆಚ್ಚು ಹೊತ್ತರು. ಗಾಡಿ ಸಿಕ್ಕಿಬಿದ್ದಿದ್ದ ಆ ತಗ್ಗನ್ನು ಮುಚ್ಚುವ ದಿನ ಬೇರೆಯವರನ್ನು ಪಕ್ಕಕ್ಕೆ ಸರಿಸಿ ತಾವೇ ಬುಟ್ಟಿ ಮೇಲೆ ಬುಟ್ಟಿ ಸುರಿದರು. ಭಾವ ನೋಡಲಾರದೆ ಆಚೆ ತಿರುಗಿಕೊಂಡರು. ಮೊದಲ ಬಸ್ಸು ಕೆರೆ ಏರಿಯ ಮೇಲೆ ಬಂದಾಗ ಅವರು ಫುಟ್‌ಬೋರ್ಡಿನ ಮೇಲೆ ನಿಂತಿದ್ದರು. ಬಾಯಿ ತೆರೆದು ನಮ್ಮ ಊರಿನ ಹೆಸರು ಕೂಗಿದರು. ಬೇರೆ ಊರುಗಳ ಹೆಸರನ್ನು ಅವರು ಕೂಗಿದ್ದನ್ನು ಕೇಳಿ ಬೆಳೆದ ನನಗೆ ನಮ್ಮೂರಿನ ಹೆಸರು ಆ ದನಿಯಲ್ಲಿ ಕೇಳಿಸಿದ್ದು ಆವತ್ತೇ.

ಆ ರಸ್ತೆಯಿಂದ ಮೊದಲು ಬದುಕು ಕಂಡವಳು ನಾನೇ. ನಾನು ಲೋಯರ್ ಸೆಕೆಂಡರಿ ಪಾಸಾಗಿದ್ದೆ. ಹೆದ್ದಾರಿಯ ಮೇಲಿನ ಒಂದು ಊರಿನ ಶಾಲೆಗೆ ಮೇಷ್ಟ್ರಮ್ಮ ಬೇಕಾಗಿದೆ ಎಂಬ ಸುದ್ದಿಯನ್ನು ಭಾವನೇ ತಂದರು. ನಮ್ಮತ್ತೆ ಒಪ್ಪಲಿಲ್ಲ. ನನ್ನ ಗಂಡ ತಾಯಿಯ ಮುಖ ನೋಡಿದರು. ಭಾವ ಅಮ್ಮನ ಎದುರು ಕೂತು ಹೇಳಿದರು: "ಬೆಳಿಗ್ಗೆ ನನ್ನ ಬಸ್ಸು ಹತ್ತುತಾಳೆ, ಸಂಜೆ ನನ್ನ ಬಸ್ಸಲ್ಲೇ ಇಳೀತಾಳೆ. ಡ್ರೈವರ್ ನನ್ನ ಮನುಷ್ಯ. ನಿನ್ನ ಸೊಸೆ ಮನೆ ಬಿಟ್ಟು ಎಲ್ಲಿಗೆ ಹೋದಂಗಾಯ್ತು? ಅಡಿಗೆಮನೆ ಸ್ವಲ್ಪ ಉದ್ದ ಆಯ್ತು ಅಂತ ತಿಳ್ಕೋ." ಅತ್ತೆಗೆ ನಗು ಬಂತು. ನನ್ನ ನೌಕರಿ ಶುರುವಾಯಿತು.

ಮೊದಲ ವರ್ಷ ದಿಬ್ಬ ನೋಡಲು ಬಂದವರು ಅಷ್ಟೊಂದು ಇರಲಿಲ್ಲ. ಶಾಲೆಯ ಮಕ್ಕಳು, ಬಳ್ಳಿಗಾವಿಯ ದೇವಸ್ಥಾನ ನೋಡಿಕೊಂಡು ಹಾಗೇ ಈ ಕಡೆ ಬಂದ ಸಂಸಾರಗಳು. ಬಂದವರಿಗೆ ಅಕ್ಕನೇ ಮಜ್ಜಿಗೆ ಕೊಡುತ್ತಿದ್ದರು. ಭಾವನಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಬಸ್ಸಿನ ಮಾಲೀಕರಿಗೆ ಹೇಳಿ ಭಾನುವಾರದ ಸ್ಪೆಷಲ್ ಬಸ್ಸು ಬಿಡಿಸಿದರು. ಶಿಕಾರಿಪುರ, ಸಾಗರ, ಆಮೇಲೆ ಶಿವಮೊಗ್ಗ, ದಾವಣಗೆರೆಯಿಂದಲೂ ಬಸ್ಸುಗಳು ಬರತೊಡಗಿದವು. ಜೋಗದ ಕಡೆ ವಿದ್ಯುತ್ತಿನ ಕೆಲಸಕ್ಕೆ ಬಂದಿದ್ದ ದೊಡ್ಡ ದೊಡ್ಡ ಜನ ಜೀಪಿನಲ್ಲಿ ಬಂದರು. ಬಸ್ ಸ್ಟ್ಯಾಂಡಿನಲ್ಲಿ ಭಾವನ ಕೂಗಿಗೆ ಹೊಸ ಮಾತೊಂದು ಸೇರಿತು: "ಹಕ್ಕಿದಿಬ್ಬಾ, ಹಕ್ಕಿದಿಬ್ಬಾ, ನಡುನೀರಿನ ಬೃಂದಾವನ." ಅದನ್ನು ಅವರೇ ಕಟ್ಟಿದ್ದು.

ಮುಂದಿನದೆಲ್ಲ ಬಹಳ ಬೇಗ ಆಯಿತು. ಸಾಗರದ ಕಡೆಯ ಗುತ್ತಿಗೆದಾರನೊಬ್ಬ ದಿಬ್ಬವನ್ನು ಹರಾಜಿನಲ್ಲಿ ಹಿಡಿದ. ತೆಪ್ಪ ಹೋಗಿ ಡ್ರಮ್ಮು ಕಟ್ಟಿದ ದೋಣಿಗಳು ಬಂದವು. ಜನ ಕೂರಲು ಸಿಮೆಂಟಿನ ಮಂಟಪ ಬೇಕೆಂದು ನಡುವಿನ ಮರಗಳನ್ನು ಕಡಿದರು. ಮಂಟಪಕ್ಕೆ, ಮೆಟ್ಟಿಲಿಗೆ, ದಂಡೆಯ ಹೋಟೆಲಿಗೆ ಮರಳು ಬೇಕಲ್ಲ, ಎರಡೂ ಕಡೆಯ ಮರಳನ್ನೇ ಬಗೆದು ತುಂಬಿಕೊಂಡರು. ಧ್ವನಿವರ್ಧಕ ಬಂತು. ಭಾನುವಾರ ಬೆಳಗಾದರೆ ನೀರಿನ ಮೇಲೆ ಹಾಡು ಅರಚುತ್ತಿತ್ತು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಗೋಲಿಸೋಡ. ಎಂಜಲೆಲೆ, ಒಡೆದ ಬಾಟಲಿ. ಬಂದೂಕು ಹಿಡಿದು ಬಂದ ಜೀಪಿನವರು ಗೂಡಿನ ಮೇಲೆ ಕೂತ ಹಕ್ಕಿಗೆ ಹೊಡೆದು, ಬಿದ್ದದ್ದು ನೀರಿಗೋ ಮುಳ್ಳಿಗೋ ಎಂದು ನೋಡಲೂ ಹೋಗುತ್ತಿರಲಿಲ್ಲ. ಬಹಿರ್ದೆಸೆಗೆ ಜನ ದಂಡೆಯ ಉದ್ದಕ್ಕೂ ಪೊದೆಗಳ ಹಿಂದೆ ಹೋಗುತ್ತಿದ್ದರು. ಅಷ್ಟು ಜನ ಮತ್ತೆಲ್ಲಿ ಹೋಗಬೇಕು? ತೊಳೆದುಕೊಳ್ಳಲು ಕೆರೆಯೇ.

ಊರವರು ಸುಮ್ಮನಿದ್ದರು ಎನ್ನುವಂತಿಲ್ಲ, ಖುಷಿಯಾಗಿಯೇ ಇದ್ದರು. ಸೌತೆಕಾಯಿ, ಎಳನೀರು, ಕಡಲೆ, ಏನಿಟ್ಟುಕೊಂಡು ಕೂತರೂ ಖರ್ಚಾಗುತ್ತಿತ್ತು. ಅಂಬಿಗನ ಮಗ ಕೈಗಡಿಯಾರ ಕಟ್ಟಿದ. ನಷ್ಟ ಕಂಡದ್ದು ಹೆಂಗಸರಿಗೆ. ಭಾನುವಾರ ಒರತೆಗೆ ಹೋಗುವುದೇ ಕಷ್ಟವಾಯಿತು. ಗಂಡಸರು ಸಾಲಾಗಿ ನಿಂತು ನೋಡುತ್ತಿದ್ದರು. ಮರಳು ತೆಗೆದ ಮೇಲೆ ಒರತೆಯೂ ಮೊದಲಿನಂತಿರಲಿಲ್ಲ. ತೋಡಿದರೆ ಕೆಸರು, ಕೆಸರಿನ ಮೇಲೆ ಕೆರೆಯ ನೀರು ಸೋಸದೆ ಹಾಗೇ ಬಂದು ನಿಲ್ಲುತ್ತಿತ್ತು.

ಒಂದು ಭಾನುವಾರ ನಾನೂ ಅಕ್ಕನೂ ಕೊಡ ಹೊತ್ತು ಬರುತ್ತಿದ್ದೆವು. ಕ್ಯಾಮರಾ ಹಿಡಿದ ಒಬ್ಬರು ಎದುರಾಗಿ, ಇನ್ನೊಂದು ಸಲ ನೀರಿಗಿಳಿದು ಕೊಡ ತುಂಬಿಕೊಂಡು ಬರಲಿ, ಒಂದು ಪಟ ತೆಗೆಯುತ್ತೇನೆ ಎಂದರು. ಪಕ್ಕದಲ್ಲಿ ಭಾವ ಇದ್ದರು. ಆ ಮನುಷ್ಯ ಬಸ್ಸಿನ ಮಾಲೀಕರಿಗೆ ಬೇಕಾದವರಂತೆ.

"ಹೋಗೇ, ಏನಾಗ್ತದೆ? ಒಂದು ಕೊಡ ತಾನೆ" ಎಂದರು ಭಾವ.

ಅಕ್ಕ ಅವರ ಮುಖ ನೋಡಿದರು. ಹೊತ್ತಿದ್ದ ಕೊಡವನ್ನು ಅಲ್ಲೇ ಚೆಲ್ಲಿ ಮತ್ತೆ ನೀರಿಗಿಳಿದರು. ತುಂಬಿಕೊಂಡು ಬಂದರು. ಆ ಮನುಷ್ಯ ನಗಬೇಕು ಎಂದ. ಅಕ್ಕ ನಗಲಿಲ್ಲ. ಅವನ ಜೊತೆಗಿದ್ದವರು ನಕ್ಕರು. ಮನೆಗೆ ಬಂದು ಕೊಡ ಇಳಿಸಿದ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ರಾಗಿ ಬೀಸಲು ಕೂತರು. ಅವರು ದಿಬ್ಬಕ್ಕೆ ಹೋಗುವುದು ಅದಕ್ಕೂ ಮೊದಲೇ ನಿಂತುಹೋಗಿತ್ತು. ಹಗಲು ಹೊತ್ತು ಕೆರೆಯ ಕಡೆಗೆ ಹೋಗುವುದನ್ನೂ ಆಮೇಲೆ ಬಿಟ್ಟರು. ಬೆಳಕು ಹರಿಯುವ ಮೊದಲೇ ನೀರು ತಂದುಬಿಡುತ್ತಿದ್ದರು.

ಆ ವರ್ಷ ಬೇಸಿಗೆಯ ಮೊದಲಲ್ಲಿ ಊರಿಗೆ ಜ್ವರ ಬಂತು. ಆಗ ಎಲ್ಲರ ಬಾಯಲ್ಲೂ ಕ್ಯಾಸನೂರಿನ ಸುದ್ದಿ. ಅಲ್ಲಿ ಕಾಡಿನಲ್ಲಿ ಮಂಗಗಳು ಮರದಿಂದ ಉದುರಿ ಸಾಯುತ್ತಿವೆ, ಆಮೇಲೆ ಜನಕ್ಕೆ ಜ್ವರ ಬರುತ್ತದೆ, ದೂರದೂರದಿಂದ ಡಾಕ್ಟರುಗಳು ಜೀಪಿನಲ್ಲಿ ಬಂದಿದ್ದಾರೆ ಎಂದು. ಸೊಪ್ಪಿಗೂ ಒಣ ಎಲೆಯ ದರಗಿಗೂ ಕಾಡಿಗೆ ಹೋಗಲು ಜನ ಹೆದರುತ್ತಿದ್ದರು. ನಮ್ಮೂರಿನ ಜ್ವರವನ್ನೂ ಮಂಗನ ಕಾಯಿಲೆ ಎಂದೇ ಎಲ್ಲರೂ ತಿಳಿದರು. ಎಲ್ಲರಿಗಿಂತ ಗಟ್ಟಿಯಾಗಿ ಹಾಗೆಂದವರು ಭಾವ. "ಕಾಡಿಂದ ಬಂದದ್ದು ಇದು. ಯಾರೂ ಕಾಡಿಗೆ ಹೋಗ್ಬ್ಯಾಡ್ರಿ" ಎಂದು ಮನೆಮನೆಗೆ ಹೇಳಿ ಬಂದರು. ನೀರಿನ ಮೇಲೆ ನನಗೆ ಅನುಮಾನವಿತ್ತು. ಅದನ್ನು ಹೇಳಿದಾಗ ಅವರು ನನ್ನ ಕಡೆ ನೋಡದೆ, "ನಮ್ಮ ಅಜ್ಜನ ಕಾಲದಿಂದ ಕುಡಿದ ನೀರು ತಂಗಿ ಅದು" ಎಂದರು. ಅವರು ನನ್ನ ಜೊತೆ ಮಾತಾಡುತ್ತ ಬೇರೆ ಕಡೆ ನೋಡಿದ್ದು ಅದೇ ಮೊದಲು.

ಮೂರನೆಯ ಮನೆಯಲ್ಲೋ ನಾಲ್ಕನೆಯ ಮನೆಯಲ್ಲೋ ಜ್ವರ ಕಾಣಿಸಿಕೊಂಡ ಮೇಲೆ ಅಕ್ಕನೂ ಮಲಗಿದರು. ಸೊರಬದಿಂದ ಡಾಕ್ಟರನ್ನು ಬಸ್ಸಿನಲ್ಲೇ ಕರೆತಂದದ್ದು ಭಾವ. ವಯಸ್ಸಾದ, ನಿಧಾನದ ಮನುಷ್ಯ. ಅಕ್ಕನ ನಾಲಿಗೆ, ಹೊಟ್ಟೆ ನೋಡಿದರು. ಜ್ವರ ಹೇಗೆ ಏರಿತು ಎಂದು ಕೇಳಿದರು.

"ಇದು ಮಂಗನ ಕಾಯಿಲೆ ಅಲ್ಲ ಕಣ್ರೀ. ಟೈಫಾಯ್ಡ್. ಕುಡಿಯೋ ನೀರು ಎಲ್ಲಿಂದ ತರ್ತೀರಿ?"

ನಾನೇ ಅವರನ್ನು ದಂಡೆಗೆ ಕರೆದುಕೊಂಡು ಹೋದೆ. ಭಾವ ಹಿಂದಿನಿಂದ ಬಂದರು. ಡಾಕ್ಟರು ಒರತೆಯ ಪಕ್ಕ ನಿಂತು ಅತ್ತಿತ್ತ ನೋಡಿದರು. ಪೊದೆಗಳ ಕಡೆಯಿಂದ ನಾರುತ್ತಿತ್ತು. ಅವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು, "ಕಾಯಿಸಿ ಕುಡೀರಿ. ಕಾಯಿಸದೆ ಒಂದು ತೊಟ್ಟೂ ಬೇಡ" ಎಂದು ಹೇಳಿ ತಿರುಗಿದರು. ಭಾವ ಅಲ್ಲೇ ನಿಂತರು. ಎಷ್ಟೋ ವರ್ಷಗಳಿಂದ ಅವರು ಆ ದಂಡೆಯನ್ನು ನೋಡಿದ್ದರು. ಆವತ್ತು ನೋಡಿದಂತೆ ಹಿಂದೆ ನೋಡಿರಲಿಲ್ಲ ಎಂದು ಕಾಣುತ್ತದೆ.

ಮಾತ್ರೆ ಬಂತು, ಗಂಜಿ ನಡೆಯಿತು. ಭಾವ ಕೆಲಸಕ್ಕೆ ಹೋಗುವುದನ್ನು ಬಿಟ್ಟು ತಾವೇ ನೀರು ಕಾಯಿಸಿ ಆರಿಸಿ ಚಮಚದಲ್ಲಿ ಅಕ್ಕನಿಗೆ ಕುಡಿಸುತ್ತಿದ್ದರು. ಜ್ವರ ಇಳಿಯುತ್ತಿದೆ ಎಂದುಕೊಂಡಿದ್ದೆವು. ಒಂದು ಭಾನುವಾರ ಹೊತ್ತೇರಿದ ಮೇಲೆ ಅಕ್ಕನಿಗೆ ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡಿತು. ಹೊಟ್ಟೆ ಹಲಗೆಯಂತೆ ಗಟ್ಟಿಯಾಯಿತು, ಮೈ ತಣ್ಣಗಾಯಿತು. ಭಾವ ಅವರನ್ನು ಎತ್ತಿಕೊಂಡೇ ಏರಿಗೆ ಓಡಿದರು. ಜನ ಇಳಿಸಿ ನಿಂತಿದ್ದ ಸ್ಪೆಷಲ್ ಬಸ್ಸೊಂದಕ್ಕೆ ಹತ್ತಿಸಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು.

ಏರಿಯ ಅರ್ಧಕ್ಕೆ ಬಸ್ಸು ನಿಂತಿತು. ಎದುರಿನಿಂದ ದಾವಣಗೆರೆಯ ಎರಡು ಬಸ್ಸುಗಳು ಒಂದರ ಹಿಂದೊಂದು ಬಂದಿದ್ದವು. ಅವುಗಳ ಹಿಂದೆ ಜೀಪು, ಜೀಪಿನ ಹಿಂದೆ ಲಾರಿಯಲ್ಲಿ ಜನ. ಒಂದು ಕಡೆ ನೀರು, ಒಂದು ಕಡೆ ಗದ್ದೆಯ ಆಳ. ಯಾರಾದರೂ ಹಿಂದಕ್ಕೆ ಹೋಗಬೇಕು. ಯಾರೂ ಹೋಗಲಿಲ್ಲ. ಡ್ರೈವರುಗಳು ಇಳಿದು ಜಗಳಕ್ಕೆ ನಿಂತರು. ಬಂದ ಜನ ಇನ್ನೇನು ಊರು ಬಂತಲ್ಲ ಎಂದು ಇಳಿದು ಮಕ್ಕಳ ಕೈ ಹಿಡಿದು ಬುತ್ತಿ ಚೀಲ ಹೊತ್ತು ಏರಿಯ ತುಂಬ ನಡೆದು ಬಂದರು. ಕಿಟಕಿಯಿಂದ ನಮ್ಮನ್ನು ಇಣುಕಿ ನೋಡಿ ಮುಂದೆ ಹೋದರು. ಭಾವ ಕೆಳಗಿಳಿದು, "ಹಿಂದಕ್ಕೆ ತಗೀರಪ್ಪಾ, ಹಿಂದಕ್ಕೆ ತಗೀರಿ, ಜೀವ ಹೋಗ್ತೈತೆ" ಎಂದು ಕೂಗುತ್ತ ಓಡಿದರು. ದಿಬ್ಬದ ಮೇಲೆ ಧ್ವನಿವರ್ಧಕ ಹಾಡುತ್ತಿತ್ತು. ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸುತ್ತಿದ್ದ ಅವರ ದನಿ ಲಾರಿಯವರೆಗೂ ಮುಟ್ಟಲಿಲ್ಲ. ಒಬ್ಬೊಬ್ಬರದೇ ತೋಳು ಹಿಡಿದು ಬೇಡಿಕೊಂಡರು. ಕೊನೆಗೆ ದಾರಿ ಆಯಿತು. ಎಷ್ಟು ಹೊತ್ತಾಯಿತೋ ಹೇಳಲಾರೆ. ಅಷ್ಟರಲ್ಲಿ ಅಕ್ಕ ನರಳುವುದನ್ನು ನಿಲ್ಲಿಸಿದ್ದರು. ಒಂದು ಸಲ ಕಣ್ಣು ತೆರೆದು, "ಎಲ್ಲಿದೀವಿ?" ಎಂದರು. "ಏರಿ ಮೇಲೆ ಅಕ್ಕ" ಎಂದೆ. "ಇನ್ನೂ?" ಎಂದರು.

ಸಂಜೆ ಸೊರಬದ ಆಸ್ಪತ್ರೆಯಲ್ಲಿ ತೀರಿಕೊಂಡರು. ಕರುಳು ತೂತಾಗಿತ್ತು ಎಂದರು ಡಾಕ್ಟರು. ಬೇಗ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ನನ್ನ ಗಂಡ ಕೇಳಿದರು. ಹಾಗೆ ಹೇಳಲಾಗದು, ಇದು ಬಹಳ ಕೆಟ್ಟದ್ದು, ಬೇಗ ಬಂದವರೂ ಉಳಿಯುವುದು ಕಡಿಮೆ ಎಂದು ಅವರು ಮೆಲ್ಲಗೆ ಹೇಳಿದರು. ಭಾವ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

ತಿಥಿ ಮುಗಿದ ಮುಂದಿನ ಭಾನುವಾರ ಅವರು ಏರಿಯ ಬಾಯಲ್ಲಿ, ಮೊದಲ ಬಸ್ಸಿನ ಎದುರು, ಕೈ ಅಡ್ಡ ಹಿಡಿದು ನಿಂತರು. ಡ್ರೈವರ್ ಅವರದೇ ಹುಡುಗ. ಇಳಿದು ಬಂದು ಕಾಲು ಹಿಡಿದುಕೊಂಡ. ಹಿಂದೆ ಬಸ್ಸುಗಳು ಸಾಲಾದವು. ಊರ ಹಿರಿಯರು ಬಂದರು.

"ಏನ್ರಿ ಇದು? ರಸ್ತೆ ತಂದೋರು ನೀವು. ಈಗ ಮುಚ್ರಿ ಅಂದ್ರೆ ಹೆಂಗೆ?"

"ಊರಿನ ಬಸ್ಸು ಓಡಾಡ್ಲಿ. ಇವು ಬ್ಯಾಡ."

"ಇವು ಬಂದ್ರೆ ಅದು ಬರ್ತದೆ. ಇವು ನಿಂತ್ರೆ ಅದೂ ನಿಲ್ತದೆ. ಲೆಕ್ಕ ನಿಮಗೆ ಗೊತ್ತಿಲ್ದೇನಲ್ಲ."

ಮುದುಕ ಅಂಬಿಗ ಅವರ ಭುಜ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ. "ನನ್ನ ಮಗ ದೋಣಿ ಮಾಡ್ಕೊಂಡಾನೆ ಗೌಡ್ರೆ. ಹೊಟ್ಟೆ ಮೇಲೆ ಹೊಡೀಬ್ಯಾಡ್ರಿ" ಎಂದ. ಅಕ್ಕನನ್ನು ಅಷ್ಟು ಸಲ ದಿಬ್ಬಕ್ಕೆ ದಾಟಿಸಿದವನು ಅವನೇ. ಭಾವ ದಾರಿ ಬಿಟ್ಟರು. ಬಸ್ಸುಗಳು ಒಂದೊಂದಾಗಿ ದೂಳೆಬ್ಬಿಸಿ ಹೋದವು. ಮರುದಿನ ಶಿಕಾರಿಪುರಕ್ಕೆ ಹೋಗಿ ಚೀಲ, ಕೋಟು ಒಪ್ಪಿಸಿ ಬಂದರು.

ಅವರು ನಿಲ್ಲಿಸಲಾಗದ್ದು ತಾನಾಗಿ ನಿಂತಿತು. ಆ ಮುಂಗಾರಿನಲ್ಲಿ ಹಕ್ಕಿಗಳು ಬಂದವು. ಕೆರೆಯ ಮೇಲೆ ಸುತ್ತಿದವು, ಉಳಿದಿದ್ದ ನಾಲ್ಕಾರು ಮರಗಳ ಮೇಲೆ ಕೂತು ಎದ್ದವು, ಹೊರಟುಹೋದವು. ಹಕ್ಕಿಯಿಲ್ಲದ, ನೆರಳಿಲ್ಲದ, ನಾರುವ ದಿಬ್ಬಕ್ಕೆ ಬಂದವರು ಮುಖ ಸಿಂಡರಿಸಿದರು. ನೋಡಲು ಬೇರೆ ಜಾಗಗಳಿದ್ದವು. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಸ್ಪೆಷಲ್ ಬಸ್ಸು ನಿಂತಿತು. ಗುತ್ತಿಗೆದಾರ ಹೋಟೆಲಿನ ತಗಡು ಬಿಚ್ಚಿಕೊಂಡು ಹೋದ. ಹಿರಿಯರು ಹೆದರಿದಂತೆ ಊರಿನ ಬಸ್ಸು ನಿಲ್ಲಲಿಲ್ಲ. ದಿನಕ್ಕೆ ಎರಡು ಸಲ ಬರುವುದನ್ನು ಅದು ಮುಂದುವರಿಸಿತು, ನಾನು ಅದರಲ್ಲಿ ಶಾಲೆಗೆ ಹೋಗುವುದನ್ನು ಮುಂದುವರಿಸಿದೆ.

ಭಾವ ಮತ್ತೆ ಗದ್ದೆಗಿಳಿದರು. ಮಾತು ಬಹಳ ಕಡಿಮೆಯಾಯಿತು. ಯಾರ ಮನೆಗೆ ಹೋದರೂ ನೀರು ಕೊಟ್ಟರೆ ಲೋಟ ಹಿಡಿದುಕೊಂಡು, "ಕಾಯ್ಸಿದ್ದಾ?" ಎಂದು ಕೇಳುವರು. ಬೇಸಿಗೆಯಲ್ಲಿ ಕೆರೆ ಇಳಿದಾಗ ಬುಟ್ಟಿ ತೆಗೆದುಕೊಂಡು ದಿಬ್ಬಕ್ಕೆ ಹೋಗಿ ಗಾಜಿನ ಚೂರು ಆರಿಸುತ್ತಿದ್ದರು. ಮಳೆಗೆ ಮುಂಚೆ ಹೊಂಗೆ, ನೇರಳೆ ಸಸಿ ನೆಡುತ್ತಿದ್ದರು. ನೀರು ಇಳಿದಾಗ ಆಡುಗಳು ದಾಟಿ ಹೋಗಿ ಮೇಯುತ್ತಿದ್ದವು. ಮರುವರ್ಷ ಮತ್ತೆ ನೆಡುವರು. ಮರಳು ಮತ್ತೆ ಬರಲಿಲ್ಲ. ಹಳ್ಳಕ್ಕೆ ಮೇಲೆ ಎಲ್ಲೋ ಒಡ್ಡು ಹಾಕಿದ್ದರು.

ಒಂದು ರಜೆಯ ದಿನ ನಾನೂ ಅವರ ಜೊತೆ ಹೋದೆ. ಮಂಟಪದ ಸಿಮೆಂಟು ಬಿರುಕು ಬಿಟ್ಟಿತ್ತು. ಕಂಬಗಳ ತುಂಬ ಇದ್ದಲಿನಲ್ಲಿ ಬರೆದ ಹೆಸರುಗಳು. ಅಕ್ಕ ಕಾಲು ಚಾಚಿ ಕೂತಿದ್ದ ಕಡೆ ಮೊಣಕಾಲು ಆಳದ ಹೊಂಡ, ಅದರಲ್ಲಿ ಹಸಿರು ನೀರು. ಭಾವ ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕೂತರು.

"ನಿಮ್ಮಕ್ಕ ಒಂದ್ ಸಲ ಬ್ಯಾಡ ಅಂದಿದ್ಲು ತಂಗಿ."

"ಗೊತ್ತು ಭಾವ. ನಾನಿದ್ದೆ."

"ಒಂದೇ ಸಲ. ಇನ್ನೊಂದ್ ಸಲ ಅಂದಿದ್ರೆ ನಾನು ಕೇಳ್ತಿದ್ದೆನಾ?"

ನಾನು ಸುಳ್ಳು ಹೇಳಬಹುದಿತ್ತು. ಅವರು ಅದಕ್ಕಾಗಿ ಕೇಳಿರಲಿಲ್ಲ.

"ಇಲ್ಲ ಭಾವ" ಎಂದೆ.

ಅವರು ತಲೆಯಾಡಿಸಿದರು. "ಅದಕ್ಕೇ ಅವಳು ಅನ್ಲಿಲ್ಲ" ಎಂದು ಎದ್ದು ಮತ್ತೆ ಚೂರು ಆರಿಸಲು ಹೋದರು.

ನನ್ನ ಕಡೆಯ ಮಗಳು ಹೈಸ್ಕೂಲು ಸೇರಿದ ವರ್ಷ ಅವರು ತೀರಿಕೊಂಡರು. ದೊಡ್ಡ ಕಾಯಿಲೆಯೇನೂ ಇರಲಿಲ್ಲ. ಗದ್ದೆಯ ಬದುವಿನ ಮೇಲೆ ಕೂತವರು ಏಳಲಿಲ್ಲ. ಅಷ್ಟು ಹೊತ್ತಿಗೆ ಊರು ಬೆಳೆದಿತ್ತು. ಬಾವಿ, ಅಕ್ಕಿ ಗಿರಣಿ, ಹೈಸ್ಕೂಲಿಗೆ ಹೋಗಿಬರುವ ಮಕ್ಕಳು. ಎಲ್ಲಕ್ಕೂ ಆ ರಸ್ತೆಯೇ ಮೂಲವೆಂದು ಊರವರು ಸೇರಿ ಏರಿಯ ಬಾಯಲ್ಲಿ ಅವರ ಹೆಸರಿನಲ್ಲಿ ಬಸ್ಸಿನ ತಂಗುದಾಣ ಕಟ್ಟಿಸಿದರು. ಅದನ್ನು ತೆರೆಯುವ ದಿನ ಒಬ್ಬರಾದ ಮೇಲೊಬ್ಬರು ಎದ್ದು ಅವರನ್ನು ಹೊಗಳಿದರು. ಹೊಗಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. ದಿಬ್ಬದ ಮಾತನ್ನು ಯಾರೂ ತೆಗೆಯಲಿಲ್ಲ. ಕೊನೆಗೆ, "ಮೇಷ್ಟ್ರಮ್ಮನೋರು ಮನೆಯೋರು, ಅವರೂ ಎರಡು ಮಾತು ಹೇಳ್ಲಿ" ಎಂದರು.

ನಾನು ಎದ್ದು ನಿಂತೆ. ಅವರು ಆ ರಸ್ತೆ ತರದಿದ್ದರೆ ನಾನು ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ, ನನ್ನ ಮಕ್ಕಳ ಓದು, ನಾನು ಉಣ್ಣುವ ಅನ್ನ ಅವರು ಕೊಟ್ಟದ್ದು ಎಂದು ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಇನ್ನೂ ಹೇಳುವುದಿತ್ತು. ಅದನ್ನು ಹೇಳಲು ಅಕ್ಕನಿಂದ ಶುರುಮಾಡಬೇಕಿತ್ತು. ಎದುರಿಗೆ ಕೂತಿದ್ದವರಲ್ಲಿ ಅರ್ಧ ಜನಕ್ಕೆ ಅಂಥ ಒಬ್ಬಳು ಹೆಂಗಸು ಆ ಊರಿನಲ್ಲಿ ಇದ್ದಳೆಂಬುದೇ ಗೊತ್ತಿರಲಿಲ್ಲ. ನಾನು ಕೂತುಕೊಂಡೆ.